ಐದು ಬಂದದ್ದಕ್ಕೆ ಪೇಡೆ

ಹತ್ತನೇ ತರಗತಿ ಮುಗಿಸಿದ ಮಗಳನ್ನು ಒಂದು ವರ್ಷದ ಮಟ್ಟಿಗೆ ಜರ್ಮನಿಯ ಗುರುತು ಪರಿಚಯವಿಲ್ಲದ ಸಂಸಾರವೊಂದರ ಕೈಗೊಪ್ಪಿಸಲು ಅಮ್ಮ ಸುತರಾಂ ಒಪ್ಪಿರಲಿಲ್ಲ. ಅಪ್ಪನದು ಒಂದೇ ವಾದ. "ಕಿಟೆಲ್ 1853ರಲ್ಲಿ ಹಡಗು ಹತ್ತಿ ಬಂದರು, ಕನ್ನಡ ಕಲಿತರು, 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟನ್ನೇ ಕೊಟ್ಟರು. ಇವಳು ವಿಮಾನದಲ್ಲಿ ಹೋಗಿ ನಾಲ್ಕು ಮಾತು ಜರ್ಮನ್ ಕಲಿಯಲಾರಳೇ?" ಕಿಟೆಲ್ ಹೆಸರಿನ ಕಾಲೇಜೇ ಇರುವ ಧಾರವಾಡದಲ್ಲಿ ಕುಳಿತು ಈ ವಾದಕ್ಕೆ ಎದುರಾಡುವುದು ಕಷ್ಟ. ಸಾಲದೆಂಬಂತೆ ನನಗೆ ಗೊತ್ತಾದ ಮನೆ ಟ್ಯೂಬಿಂಗೆನ್ ಪಕ್ಕದ ಪಟ್ಟಣದಲ್ಲಿತ್ತು. ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲೇ. ಅಪ್ಪನಿಗೆ ಇದು ದೈವಸಂಕಲ್ಪವಾಗಿ ಕಂಡಿತು.

ದೈವಕ್ಕೆ ಅಲ್ಲಿಯ ಕಿಟಕಿಗಳ ವಿಷಯ ತಿಳಿದಿರಲಿಲ್ಲವೆಂದು ಕಾಣುತ್ತದೆ. ಜರ್ಮನ್ ಕಿಟಕಿಗೆ ಒಂದೇ ಹಿಡಿ. ಅದು ಕೆಳಮುಖವಾಗಿದ್ದರೆ ಕಿಟಕಿ ಭದ್ರ. ಅಡ್ಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ. ಮೇಲಕ್ಕೆ ತಿರುಗಿಸಿದರೆ ತಲೆಯನ್ನಷ್ಟೇ ಒಳಕ್ಕೆ ವಾಲಿಸಿ ನಿಲ್ಲುತ್ತದೆ. ಪೂರ್ತಿ ತೆರೆದಿರುವಾಗ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಮೇಲಿನ ಮೂಲೆ ಕಳಚಿಕೊಂಡು ಆಳೆತ್ತರದ ಗಾಜು ಕೆಳಗಿನ ಒಂದೇ ತಿರುಗಣೆಯ ಮೇಲೆ ಓಲಾಡತೊಡಗುತ್ತದೆ. ಎರಡೂ ಕೈಯಿಂದ ಅದನ್ನು ಎದೆಗವಚಿಕೊಂಡು "ಅಯ್ಯೋ ಅಯ್ಯೋ" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಆ ಮನೆಯ ಹತ್ತು ವರ್ಷದ ಹುಡುಗ ಬಂದು ಮೂಲೆಯನ್ನು ಅಂಗೈಯಿಂದ ಒತ್ತಿದ, ಹಿಡಿ ತಿರುಗಿಸಿದ, ಸೇಬು ಕಚ್ಚುತ್ತ ಹೊರಟುಹೋದ. ಇಷ್ಟು ಅವಮಾನವಾದರೂ ಆ ಕಿಟಕಿಯಿಂದ ಬಿಡುಗಡೆಯಿಲ್ಲ. ಹೊರಗೆ ಹಿಮ ಬೀಳುತ್ತಿದ್ದರೂ ದಿನಕ್ಕೆರಡು ಬಾರಿ ಎಲ್ಲ ಕಿಟಕಿಗಳನ್ನೂ ಹಾರುಹೊಡೆದು ಗಾಳಿ ಆಡಿಸಲೇಬೇಕು. ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆಯಂತೆ. ಗೋಡೆಯ ಆರೋಗ್ಯಕ್ಕಾಗಿ ನನಗೆ ನೆಗಡಿ.

ಊಟದ ಕಷ್ಟ ಎಲ್ಲರೂ ಹೇಳಿಕೊಳ್ಳುವಂಥದ್ದೇ, ರಾತ್ರಿ ತಣ್ಣನೆಯ ಬ್ರೆಡ್ಡು. ಆದರೆ ಮೌಲ್ಟಾಶೆನ್ ಎಂಬ ಚೌಕಾಕಾರದ ಕಡುಬಿನ ಕಥೆಯನ್ನು ಹೇಳದಿರಲಾರೆ. ಉಪವಾಸದ ದಿನಗಳಲ್ಲಿ ಮಾಂಸ ಬಿಡಲಾರದ ಸನ್ಯಾಸಿಗಳು ದೇವರ ಕಣ್ಣಿಗೆ ಬೀಳದಂತೆ ಅದನ್ನು ಹಿಟ್ಟಿನೊಳಗೆ ಬಚ್ಚಿಟ್ಟು ಬೇಯಿಸಿದರೆಂದು ಅಲ್ಲಿಯ ಪ್ರತೀತಿ. ದೇವರೇ ಮೋಸ ಹೋದಮೇಲೆ ಸಸ್ಯಾಹಾರಿಯಾದ ನನ್ನ ಗತಿಯೇನು? ಜರ್ಮನ್ ಅಮ್ಮ ನನ್ನ ಪಾಲಿಗೆ ಪಾಲಕ್ ತುಂಬಿಸಿ ಬೇರೆ ಮಾಡುತ್ತಿದ್ದರು. ಆದರೂ ಒಂದೊಂದನ್ನೂ ಸೀಳಿ, ಒಳಗಿರುವುದು ಹಸಿರೇ ಎಂದು ಖಾತ್ರಿಯಾದಮೇಲೆಯೇ ಬಾಯಿಗಿಡುತ್ತಿದ್ದೆ.

ಆ ಸೀಮೆಯವರಿಗೆ ದೇವರಿಗಿಂತ ದೊಡ್ಡದು ಕೇರ್‌ವೋಖೆ, ಅಂದರೆ ಗುಡಿಸುವ ವಾರದ ಸರದಿ. ಬೀದಿ ಚೊಕ್ಕಟವಾಗಿಡಬೇಕೆಂಬ ಕಟ್ಟಳೆ 1492ರ ಸ್ಟುಟ್‌ಗಾರ್ಟ್ ನಗರಶಾಸನದಲ್ಲೇ ಇದೆ. ಕೊಲಂಬಸ್ ಸಮುದ್ರದಲ್ಲಿ ದಾರಿ ತಪ್ಪಿದ ವರ್ಷ ಇವರು ಪೊರಕೆ ಹಿಡಿದಿದ್ದರು. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ತೂಗುಬೀಳುತ್ತದೆ. ಮೆಟ್ಟಿಲು, ನೆಲಮಾಳಿಗೆ, ಮನೆ ಮುಂದಿನ ಕಾಲುದಾರಿ ಎಲ್ಲವೂ ಆ ವಾರ ಅವರ ಪಾಲಿಗೆ. ಜನವರಿಯ ಮೊದಲ ವಾರ ಫಲಕ ನಮ್ಮ ಬಾಗಿಲಿಗೆ ಬಂದಾಗ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದ ಬಲ್ಲ ಕೆಲಸ, ಅದೂ ಧನುರ್ಮಾಸದಲ್ಲಿ! ಅಮ್ಮ ಪೆಟ್ಟಿಗೆಯಲ್ಲಿ ತುರುಕಿದ್ದ ರಂಗೋಲಿ ಪುಡಿ ಹಾಗೇ ಇತ್ತು. (ಹೆಸರು ಚೀಟಿಯಿಲ್ಲದ ಆ ಬಿಳಿ ಪುಡಿಯ ಪೊಟ್ಟಣವನ್ನು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಯಾರೂ ಬಿಚ್ಚಿಸದಿದ್ದದ್ದು ಹಿರಿಯರ ಪುಣ್ಯ.) ಶನಿವಾರ ಮನೆಯವರು ಏಳುವ ಮೊದಲೇ ಇಳಿದು ಹೋಗಿ ಬಾಗಿಲ ಮುಂದೆ ಗುಡಿಸಿದೆ, ಬಕೆಟ್ ತುಂಬ ನೀರು ತಂದು ಧಾರಾಳವಾಗಿ ಥಳಿ ಹೊಡೆದೆ, ಎಳೆ ತಪ್ಪದಂತೆ ರಂಗೋಲಿ ಎಳೆದೆ. ಬೆರಳು ಮರಗಟ್ಟಿದ್ದರಿಂದ ಚುಕ್ಕಿಗಳು ಸ್ವಲ್ಪ ದಪ್ಪವಾದವು, ಅಷ್ಟೆ.

ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಥಳಿ ಹೊಡೆದ ನೀರು ಏನಾಗುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೇನೆ. ಥಳಿ ಹೊಡೆಯುವಾಗ ಯಾರು ಭೌತಶಾಸ್ತ್ರ ನೆನೆಯುತ್ತಾರೆ? ಕೆಳಮನೆಯ ಅಜ್ಜಿ ಬ್ರೆಡ್ಡಿನ ಚೀಲ ಹಿಡಿದು ಹೊರಬಂದವರು ಪದ್ಮದ ಒಂದು ದಳದ ಮೇಲೆ ಕಾಲಿಟ್ಟು, ಇನ್ನೊಂದು ದಳದವರೆಗೆ ಜಾರಿ, ಕಂಬಿ ಹಿಡಿದು ಅರ್ಧ ಸುತ್ತು ತಿರುಗಿ ನಿಂತರು. ಪುಣ್ಯಕ್ಕೆ ಏನೂ ಆಗಲಿಲ್ಲ. ಸಾವರಿಸಿಕೊಂಡವರು ಮೊದಲು ನೋಡಿದ್ದು ತಮ್ಮ ಮೊಣಕಾಲನ್ನಲ್ಲ. ಒಳಗೆ ಹೋಗಿ, ಫಲಕ ಯಾರ ಬಾಗಿಲಲ್ಲಿದೆಯೆಂದು ನೋಡಿಬಂದರು. ಕಾಲುದಾರಿಯಲ್ಲಿ ಯಾರಾದರೂ ಜಾರಿಬಿದ್ದರೆ ಮನೆಯವರೇ ಪರಿಹಾರ ತೆರಬೇಕಾದೀತು. ಹಾಗಾಗಿ ಜರ್ಮನ್ ಅಪ್ಪ ರಾತ್ರಿಯುಡುಪಿನಲ್ಲೇ ಓಡಿಬಂದು ನನ್ನ ಪದ್ಮದ ಮೇಲೆ ಬಕೆಟ್ಟುಗಟ್ಟಲೆ ಜಲ್ಲಿಪುಡಿ ಸುರಿದರು. ಸಂಜೆ ಅಜ್ಜಿಯೇ ಮೇಲೆ ಬಂದರು. ಆ ಚಿತ್ರ ಚೆನ್ನಾಗಿತ್ತು, ಇನ್ನೊಂದು ಬಿಡಿಸುವುದಾದರೆ ನೆಲಮಾಳಿಗೆಯಲ್ಲಿ, ಒಣ ನೆಲದ ಮೇಲೆ ಬಿಡಿಸಬಹುದು ಎಂದರು. ಆ ಧನುರ್ಮಾಸವಿಡೀ ಬಟ್ಟೆ ಒಗೆಯುವ ಯಂತ್ರಗಳ ಮುಂದೆ ರಂಗೋಲಿ ಕಂಗೊಳಿಸಿತು.

ಇಷ್ಟರಲ್ಲಿ ಶಾಲೆಯ ಅರ್ಧವಾರ್ಷಿಕ ಅಂಕಪಟ್ಟಿ ಬಂತು. ಅಲ್ಲಿ ತರಗತಿಯಲ್ಲಿ ಕೈಯೆತ್ತಿ ಮಾತಾಡುವುದಕ್ಕೂ ಅಂಕವಿದೆ. ನಾನೋ, ಗುರುಗಳು ಕೇಳದೆ ಬಾಯಿ ತೆರೆಯಬಾರದೆಂದು ಬೆಳೆದವಳು. ಜರ್ಮನ್ ವಿಷಯದಲ್ಲಿ 5 ಬಂತು. ಅಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಪಾತಾಳ. ಫೋನಿನಲ್ಲಿ "ಐದು ಬಂದಿದೆ" ಎಂದಷ್ಟೇ ಹೇಳಿದೆ, ವಿವರಿಸುವ ಮೊದಲೇ ಅಪ್ಪ ಫೋನಿಟ್ಟು ಪೇಡೆ ತರಲು ಹೋಗಿದ್ದರು. ಬೀದಿಗೆಲ್ಲ ಪೇಡೆ ಹಂಚಿಯಾದಮೇಲೆ ಸತ್ಯ ಹೇಳುವುದು ಅಧಿಕಪ್ರಸಂಗವಾಗುತ್ತಿತ್ತು.

ಅಲ್ಲಿಂದ ಹಟ ಹಿಡಿದು ಓದಿದೆ, ಕೈಯೆತ್ತಿದೆ, ತಪ್ಪೋ ಒಪ್ಪೋ ಮಾತಾಡಿದೆ. ಬೇಸಿಗೆಯ ಹೊತ್ತಿಗೆ ಜರ್ಮನ್‌ನಲ್ಲಿ 3 ಬಂತು, ಗಣಿತದಲ್ಲಿ 1. ಶಿಕ್ಷಕಿ ಕೈಕುಲುಕಿದರು, ಜರ್ಮನ್ ಅಮ್ಮ ಕೇಕ್ ಮಾಡಿದರು. ಧಾರವಾಡದ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

"ಗಣಿತದಲ್ಲಿ ಒಂದೇ ಒಂದೇ?" ಎಂದರು ಅಪ್ಪ ಕೊನೆಗೆ. "ಇರಲಿ ಬಿಡು, ಅಮ್ಮನಿಗೆ ಹೇಳುವುದಿಲ್ಲ."