ಮಿಸ್, ನಾನು! ನಾನು!

ಪ್ರಾಥಮಿಕ ಶಾಲೆಯ ವೇಳಾಪಟ್ಟಿ ಬರೆದವರು ಮಹಾ ಆಶಾವಾದಿಗಳು. ಮೊದಲ ಪೀರಿಯಡ್ ಭಾಷೆ, ಎರಡನೆಯದು ಗಣಿತ, ಆಮೇಲೆ ಪರಿಸರ ಅಧ್ಯಯನ, ಕೊನೆಗೆ ಚಿತ್ರಕಲೆ ಎಂದು ಸ್ಕೇಲು ಹಿಡಿದು ಚೌಕ ಎಳೆದು, ಗೋಡೆಗೆ ಅಂಟಿಸಿಬಿಟ್ಟಿರುತ್ತಾರೆ. ಆ ಚೌಕಗಳಲ್ಲಿ ‘ಪೆನ್ಸಿಲ್ ಹುಡುಕುವುದು’ ಎಂಬ ಚೌಕವಿಲ್ಲ. ‘ಮಿಸ್, ಇವನು ನನ್ನನ್ನೇ ನೋಡ್ತಾನೆ’ ಎಂಬ ದೂರಿನ ವಿಚಾರಣೆಗೆ, ಆರೋಪಿಯ ಪ್ರತಿವಾದಕ್ಕೆ, ಸಾಕ್ಷಿಗಳ ಹೇಳಿಕೆಗೆ ಸಮಯ ಕೊಟ್ಟಿಲ್ಲ. ಹೋಗಲಿ, ಅವು ಚಿಲ್ಲರೆ. ದಿನದ ಬಹುಪಾಲನ್ನು ನುಂಗಿಹಾಕುವ ಒಂದು ದೊಡ್ಡ ವಿಷಯದ ಹೆಸರೇ ಅಲ್ಲಿಲ್ಲ. ಅದು ಕಾಯುವುದು.

ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ 30 ಮಕ್ಕಳು, ಪೀರಿಯಡ್ಡಿಗೆ 40 ನಿಮಿಷ. ಟೀಚರು ಒಬ್ಬೊಬ್ಬರಿಗೂ ಒಂದೊಂದು ನಿಮಿಷ ಕೊಟ್ಟರೆ ಪಾಠಕ್ಕೆ ಉಳಿಯುವುದು 10 ನಿಮಿಷ. ಮಗುವಿನ ಕಡೆಯಿಂದ ನೋಡಿದರೆ ಇನ್ನೂ ಅನ್ಯಾಯ: ತನ್ನದೊಂದು ನಿಮಿಷಕ್ಕಾಗಿ ಉಳಿದ 29 ಜನರ ನಿಮಿಷಗಳನ್ನು ಕೂತು ಸವೆಸಬೇಕು. ಆರು ವರ್ಷದ ಜೀವಕ್ಕೆ ಇದಕ್ಕಿಂತ ಕಠಿಣವಾದ ಪಾಠ ಯಾವುದೂ ಇಲ್ಲ ಎಂದು ನನ್ನ ನಂಬಿಕೆ.

ಹಾಜರಾತಿಯಿಂದಲೇ ಇದು ಶುರು. ವರ್ಣಮಾಲೆಯ ಕೊನೆಯಲ್ಲಿ ಹೆಸರಿರುವವನು ತನ್ನ ‘ಎಸ್ ಮಿಸ್’ ಅನ್ನು ಬಾಯಲ್ಲೇ ಇಟ್ಟುಕೊಂಡು, ನುಂಗದೆ ಉಗುಳದೆ ಕೂತಿರುತ್ತಾನೆ. ಯಾರೋ ಬಂದಿಲ್ಲದಿದ್ದರೆ ಕಾರಣ ತಿಳಿಸಲು ನಾಲ್ಕು ಜನ ಎದ್ದು ನಿಲ್ಲುತ್ತಾರೆ. ‘ಅವಳಿಗೆ ಜ್ವರ ಮಿಸ್.’ ‘ಇಲ್ಲ ಮಿಸ್, ಊರಿಗೆ ಹೋಗಿದಾಳೆ.’ ‘ಜ್ವರ ಬಂದು ಊರಿಗೆ ಹೋಗಿದಾಳೆ ಮಿಸ್.’ ಮೂರನೆಯವನು ಮುಂದೆ ಒಳ್ಳೆಯ ರಾಜಿ ಪಂಚಾಯ್ತಿದಾರನಾಗುತ್ತಾನೆ. ನಾಲ್ಕನೆಯವನಿಗೆ ಹೇಳಲು ಏನೂ ಇರಲಿಲ್ಲ, ಎಲ್ಲರೂ ಎದ್ದರೆಂದು ಎದ್ದಿದ್ದ.

ಕಾಯುವವರಿಗೆಂದು ಶಾಲೆ ಕೊಟ್ಟಿರುವ ಏಕೈಕ ಉಪಕರಣ ಕೈ ಎತ್ತುವುದು. ನೋಡುವವರಿಗೆ ಎಲ್ಲ ಕೈಗಳೂ ಒಂದೇ. ಸ್ವಲ್ಪ ಹೊತ್ತು ಹಿಂದಿನ ಬೆಂಚಿನಲ್ಲಿ ಕೂತರೆ ಅದರೊಳಗಿನ ಪಂಗಡಗಳು ಕಾಣತೊಡಗುತ್ತವೆ. ಪ್ರಶ್ನೆ ಮುಗಿಯುವ ಮೊದಲೇ ಏಳುವ ಕೈಯೊಂದಿದೆ. ಪ್ರಶ್ನೆ ಏನೇ ಇರಲಿ, ಉತ್ತರ ತನ್ನ ಬಳಿ ಇದ್ದೇ ಇದೆ ಎಂಬ ಧೈರ್ಯ ಅದರದು. ಕಿವಿಯ ಮಟ್ಟಕ್ಕೆ ಬಂದು ನಿಲ್ಲುವ ಅರ್ಧ ಕೈ ಇನ್ನೊಂದು. ಕೇಳಿದರೆ ಎತ್ತಿದ್ದೆ, ಬೈದರೆ ತಲೆ ಕೆರೆಯುತ್ತಿದ್ದೆ. ಎಲ್ಲರೂ ಎತ್ತಿರುವಾಗ ನನ್ನನ್ನೇ ಯಾಕೆ ಕೇಳುತ್ತಾರೆ ಎಂಬ ಸಂಭವನೀಯತೆಯ ಸಿದ್ಧಾಂತದ ಮೇಲೆ ಏಳುವ ಕೈಯೂ ಉಂಟು. ಟೀಚರಿಗೆ ಆ ಸಿದ್ಧಾಂತ ಅವನಿಗಿಂತ ಚೆನ್ನಾಗಿ ಗೊತ್ತಿರುವುದರಿಂದ ಸಿಕ್ಕಿಬೀಳುವುದು ಅವನೇ. ಇನ್ನು ನಿಜವಾಗಿ ಉತ್ತರ ಗೊತ್ತಿರುವ ಕೈ. ಅದು ನೆಟ್ಟಗೆ ಏಳುತ್ತದೆ, ಸೋಲುತ್ತದೆ, ಎಡಗೈ ಬಂದು ಬಲಗೈಯ ಮೊಣಕೈಗೆ ಆನಿಕೆ ಕೊಡುತ್ತದೆ. ಆಮೇಲೆ ಕೈಯ ಹಿಂದೆಯೇ ಹುಡುಗಿಯೂ ಬೆಂಚಿನಿಂದ ಮೇಲೇಳುತ್ತಾಳೆ. ‘ಮಿಸ್, ನಾನು! ನಾನು!’ ‘ಕೂತುಕೊಂಡು ಕೇಳು’ ಎಂದರೆ ಕೂತುಕೊಳ್ಳುವುದು ದೇಹ ಮಾತ್ರ.

ಒಮ್ಮೊಮ್ಮೆ ಅದೃಷ್ಟ ಖುಲಾಯಿಸಿ ಹೆಸರು ಕರೆದೇಬಿಡುತ್ತಾರೆ. ಪಾಠ ಏಕವಚನ–ಬಹುವಚನ. ‘ಹೇಳು ಪುಟ್ಟ.’ ‘ಮಿಸ್… ನಮ್ಮನೆ ಬೆಕ್ಕು ಮರಿ ಹಾಕಿದೆ.’ ಇಲ್ಲಿ ಟೀಚರ ಯೋಗ್ಯತೆಯ ಪರೀಕ್ಷೆ. ಹೊಸಬರಾದರೆ ‘ನಾನು ಕೇಳಿದ್ದು ಅದಲ್ಲ’ ಎನ್ನುತ್ತಾರೆ. ಪಳಗಿದವರು ಒಂದು ಗಳಿಗೆಯೂ ತಡೆಯದೆ ‘ಎಷ್ಟು ಮರಿ?’ ಎನ್ನುತ್ತಾರೆ. ‘ನಾಲ್ಕು ಮಿಸ್.’ ‘ಹಾಗಾದರೆ ಮರಿ ಅಂತೀವೋ, ಮರಿಗಳು ಅಂತೀವೋ?’ ಬಹುವಚನ ಬೋರ್ಡಿಗೆ ಬಂತು. ಆದರೆ ಈಗ ಇಡೀ ತರಗತಿಯ ಮನೆಗಳಲ್ಲಿ ಬೆಕ್ಕುಗಳಿವೆ, ಇಲ್ಲದವರ ಚಿಕ್ಕಮ್ಮನ ಮನೆಯಲ್ಲಿ ನಾಯಿಗಳಿವೆ. ಮೇಲೆದ್ದ ಕೈಗಳೆಲ್ಲ ಪ್ರಾಣಿಗಳ ಪರವಾಗಿವೆ.

ಫಿಲಿಪ್ ಜಾಕ್ಸನ್ ಎಂಬ ಅಮೆರಿಕದ ಶಿಕ್ಷಣತಜ್ಞರು ಪ್ರಾಥಮಿಕ ತರಗತಿಗಳಲ್ಲಿ ಸುಮ್ಮನೆ ಕೂತು, ಅಲ್ಲಿ ನಡೆಯುವುದನ್ನು ತಾಳ್ಮೆಯಿಂದ ಗಮನಿಸಿ 1968ರಲ್ಲಿ ಬರೆದರು. ಒಬ್ಬ ಟೀಚರು ಒಂದೇ ದಿನದಲ್ಲಿ 1000ದಷ್ಟು ಸಲ ಮಕ್ಕಳೊಂದಿಗೆ ಒಂದಲ್ಲ ಒಂದು ವ್ಯವಹಾರ ನಡೆಸುತ್ತಾರೆ ಎಂದು ಅವರು ಕಂಡುಕೊಂಡರು. ಮಕ್ಕಳ ಪಾಲಿಗೆ ಬರುವುದು ವಿಳಂಬ, ನಿರಾಕರಣೆ, ಅಡಚಣೆ ಎಂದೂ ಹೇಳಿದರು. ಸಂಜೆ ಮನೆಗೆ ಬಂದ ಟೀಚರು ‘ಯಾರೂ ಐದು ನಿಮಿಷ ನನ್ನನ್ನು ಮಾತಾಡಿಸಬೇಡಿ’ ಎಂದರೆ ಮನೆಯವರು ಬೇಸರ ಮಾಡಿಕೊಳ್ಳಬಾರದು. ಅದು 1001ನೆಯದು.

ಇದಕ್ಕಿಂತ ನನಗೆ ಮೋಜೆನಿಸಿದ್ದು ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಕಿಯ ಪತ್ತೆ. ತರಗತಿಗಳ ಧ್ವನಿಮುದ್ರಣ ಕೇಳಿ ಆಕೆ ಲೆಕ್ಕ ಹಾಕಿದ್ದು ಒಂದೇ ಸಂಗತಿಯನ್ನು: ಪ್ರಶ್ನೆ ಕೇಳಿದ ಮೇಲೆ ಟೀಚರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರಲಿಲ್ಲವೆಂದರೆ ಪ್ರಶ್ನೆಯನ್ನು ತಿರುಗಿಸಿ ಕೇಳುವುದು, ಇನ್ನೊಬ್ಬರನ್ನು ಎಬ್ಬಿಸುವುದು ಅಥವಾ ತಾವೇ ಹೇಳಿಬಿಡುವುದು. ದಿನವಿಡೀ ಮಕ್ಕಳಿಗೆ ಕಾಯಲು ಹೇಳುವವರು ತಾವು ಮಾತ್ರ ಒಂದು ಸೆಕೆಂಡಿಗಿಂತ ಹೆಚ್ಚು ಕಾಯಲಾರರು! ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಉತ್ತರಗಳು ಉದ್ದವಾದವಂತೆ, ‘ಗೊತ್ತಿಲ್ಲ’ಗಳು ಕಡಿಮೆಯಾದವಂತೆ, ಮಕ್ಕಳೇ ಪ್ರಶ್ನೆ ಕೇಳತೊಡಗಿದರಂತೆ.

ಮೂರು ಸೆಕೆಂಡು ಅಂದರೆ ಏನು ಮಹಾ ಎನ್ನುವವರು ಮಗುವಿನ ಮುಂದೆ ಕೂತು ‘ಏಳೆಂಟ್ಲ ಎಷ್ಟು?’ ಎಂದು ಕೇಳಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲಿ. ಎರಡಕ್ಕೆ ಬರುವಷ್ಟರಲ್ಲಿ ನಾಲಿಗೆ ತುರಿಸುತ್ತದೆ. ಆಚೆ ಮಗುವಿನ ಕಷ್ಟ ಬೇರೆ. ಏಳೆಂಟ್ಲಕ್ಕೆ ಅದಕ್ಕೆ ನೇರ ದಾರಿಯಿಲ್ಲ. ಏಳೊಂದ್ಲ ಏಳು ಎಂಬ ಕೆಳಗಿನ ಮೆಟ್ಟಿಲಿನಿಂದಲೇ ಹೊರಡಬೇಕು. ತುಟಿ ಅಲ್ಲಾಡುತ್ತದೆ, ಬೆರಳುಗಳು ಡೆಸ್ಕಿನ ಕೆಳಗೆ ಮಡಚುತ್ತವೆ. ಏಳೈದ್ಲ ಮೂವತ್ತೈದು, ಏಳಾರ್ಲ ನಲವತ್ತೆರಡು ಎಂದು ಏದುಸಿರು ಬಿಡುತ್ತ ಹತ್ತಿಬರುವಾಗ ಮೇಲಿನಿಂದ ಟೀಚರ ದನಿ: ‘ನೆಕ್ಸ್ಟ್!’ ಐವತ್ತಾರನ್ನು ಪಕ್ಕದವನು ಹೇಳಿ ಶಭಾಷ್ ಗಿಟ್ಟಿಸುತ್ತಾನೆ. (56 = 7 × 8, ಅಂದರೆ ಐದು, ಆರು, ಏಳು, ಎಂಟು ಸಾಲಾಗಿ ನಿಂತಿವೆ ಎಂಬುದನ್ನು ಆ ವಯಸ್ಸಿನಲ್ಲಿ ಯಾರಾದರೂ ತೋರಿಸಿಕೊಟ್ಟಿದ್ದರೆ ಎಷ್ಟು ಜನರ ಕಿವಿ ಉಳಿಯುತ್ತಿತ್ತೋ.)

ಕಾದು ಕಾದು ಸಾಕಾದವರಿಗೆ ಪೆನ್ಸಿಲ್ ಇದೆ. ಅದರ ಮೊನೆ ಚೆನ್ನಾಗಿಯೇ ಇರುತ್ತದೆ, ಆದರೂ ಮುರಿಯುತ್ತದೆ. ಮುರಿದರೆ ಕಸದ ಬುಟ್ಟಿಯ ಬಳಿ ಹೋಗಿ ಚೂಪು ಮಾಡಬಹುದು, ಅಲ್ಲಿ ಆಗಲೇ ಮೂವರು ನಿಂತು ಮಾತಾಡುತ್ತಿರುತ್ತಾರೆ. ರಬ್ಬರಿನ ಉಪಯೋಗ ಇನ್ನೂ ವಿಶಾಲ: ಚುಚ್ಚಬಹುದು, ಕತ್ತರಿಸಿ ಹಂಚಬಹುದು, ಹೆಸರು ಬರೆಯಬಹುದು, ಅಪರೂಪಕ್ಕೆ ಅಳಿಸಲೂಬಹುದು. 1770ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಬ್ಬರಿನ ಈ ಗುಣ ಗೊತ್ತಾಗುವ ಮೊದಲು ಪೆನ್ಸಿಲ್ ಗೆರೆ ಅಳಿಸಲು ಬ್ರೆಡ್ಡಿನ ಚೂರು ಬಳಸುತ್ತಿದ್ದರು. ಅದೇ ಪದ್ಧತಿ ಮುಂದುವರಿದಿದ್ದರೆ ಒಂದನೇ ತರಗತಿಯಲ್ಲಿ ತಪ್ಪುಗಳೆಲ್ಲ ಹಾಗೇ ಉಳಿದು, ಮಕ್ಕಳು ಮಾತ್ರ ದುಂಡಗಾಗುತ್ತಿದ್ದರು.

ಯಾವ ವೇಳಾಪಟ್ಟಿಯೂ ಯಾವ ಶಿಸ್ತೂ ತಡೆಯಲಾರದ ಒಂದು ಘಟನೆಯಿದೆ. ಹಾಲುಹಲ್ಲು ಬೀಳುವುದು. ಮಕ್ಕಳಿಗೆ 20 ಹಾಲುಹಲ್ಲು. ಆರು ವರ್ಷದ ಆಸುಪಾಸಿನಲ್ಲಿ ಕೆಳಗಿನ ಮುಂಹಲ್ಲಿನಿಂದ ಶುರುವಾಗಿ ಹನ್ನೆರಡರ ಹೊತ್ತಿಗೆ ಎಲ್ಲವೂ ಉದುರಿ ಮುಗಿಯುತ್ತವೆ. ಅಂದರೆ 30 ಮಕ್ಕಳ ಒಂದು ತರಗತಿ ಪ್ರಾಥಮಿಕ ಶಾಲೆ ದಾಟುವುದರೊಳಗೆ ಹತ್ತಿರ ಹತ್ತಿರ 600 ಹಲ್ಲು. ಎಲ್ಲವೂ ಶಾಲೆಯಲ್ಲೇ ಬೀಳುವುದಿಲ್ಲ ನಿಜ, ಆದರೆ ಎಲ್ಲವೂ ಶಾಲೆಯಲ್ಲಿ ಅಲ್ಲಾಡಿರುತ್ತವೆ. ಹಲ್ಲು ಅಲ್ಲಾಡುತ್ತಿರುವ ಹುಡುಗ ಪಾಠ ಕೇಳುತ್ತಿರುವಂತೆ ಕಂಡರೆ ನಂಬಬೇಡಿ. ಅವನ ಇಡೀ ಚೈತನ್ಯ ನಾಲಿಗೆಯ ತುದಿಯಲ್ಲಿದೆ. ಹಲ್ಲು ಕೈಗೆ ಬಂದ ಕ್ಷಣ ಪಾಠ ಅಲ್ಲಿಗೆ ಬರಖಾಸ್ತು. ರಕ್ತ ನೋಡಬೇಕು, ಸಂದು ನೋಡಬೇಕು, ಹಲ್ಲನ್ನು ಕಾಗದದಲ್ಲಿ ಸುತ್ತಿ ಕಂಪಾಸು ಪೆಟ್ಟಿಗೆಯಲ್ಲಿಡುವುದನ್ನು ನೋಡಬೇಕು. ಆಮೇಲೆ ಎಲ್ಲರೂ ತಂತಮ್ಮ ಹಲ್ಲುಗಳನ್ನು ಒತ್ತಿ ಪರೀಕ್ಷಿಸಿಕೊಳ್ಳುತ್ತಾರೆ, ಸರದಿಯಲ್ಲಿ ತಾವು ಎಲ್ಲಿದ್ದೇವೆ ಎಂದು. ಮೇಲಿನ ಎರಡೂ ಮುಂಹಲ್ಲು ಬಿದ್ದವಳಿಗೆ ಗಟ್ಟಿಯಾಗಿ ಓದಲು ಕೊಟ್ಟ ಪಾಠದಲ್ಲಿ ‘ಸಸಿ’ ಬಂದರಂತೂ ಎರಡು ಸಿಳ್ಳೆ ಖಚಿತ.

ಗಡಿಯಾರದ ಪಾಠ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಬರುತ್ತದೆ. ರಟ್ಟಿನ ಗಡಿಯಾರದ ಮುಳ್ಳನ್ನು ಟೀಚರು ಬೆರಳಿನಿಂದ ತಿರುಗಿಸಿ ಹತ್ತೂಕಾಲು, ಹನ್ನೆರಡೂವರೆ, ಮುಕ್ಕಾಲು ಎನ್ನುವಾಗ ಮಕ್ಕಳಿಗೆ ಕಾಡುವ ಪ್ರಶ್ನೆ ಒಂದೇ: ಇಷ್ಟು ಸುಲಭವಾಗಿ ತಿರುಗುವುದಾದರೆ ಗೋಡೆಯ ಮೇಲಿನದಕ್ಕೇನು ರೋಗ?

ಕೊನೆಯ ಪೀರಿಯಡ್. ಟೀಚರನ್ನು ಯಾರೋ ಆಫೀಸಿಗೆ ಕರೆದಿದ್ದಾರೆ. ತರಗತಿ ಲೀಡರಿನ ಕೈಗೆ ಬಂತು. ಈ ಲೀಡರ್ ಪದ್ಧತಿಗೂ ಒಂದು ಹಿನ್ನೆಲೆಯಿದೆ, ಅದೂ ಕಾಯುವ ಸಮಸ್ಯೆಯದೇ. 1789ರಲ್ಲಿ ಮದರಾಸಿನ ಸೈನಿಕ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಗೆ ಬಂದ ಆಂಡ್ರ್ಯೂ ಬೆಲ್, ಕಲಿತ ಹುಡುಗರಿಂದಲೇ ಕಲಿಯದವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಪ್ರಯೋಗ ಮಾಡಿ, 1797ರಲ್ಲಿ ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಬೆನ್ನಿಗೇ ಜೋಸೆಫ್ ಲ್ಯಾಂಕಾಸ್ಟರ್ ಅದೇ ಬಗೆಯಲ್ಲಿ ನೂರಾರು ಮಕ್ಕಳನ್ನು ಒಬ್ಬನೇ ಮೇಷ್ಟರ ಕೆಳಗೆ ಕೂರಿಸಿ ತೋರಿಸಿದ. ಹೀಗೆ ಕಲಿಸುವ ಹುಡುಗ, ಅಂದರೆ ಮಾನಿಟರು, ಹತ್ತಿರದಲ್ಲೇ ಇದ್ದರೆ ಮಗು ಮೇಷ್ಟರಿಗಾಗಿ ಕಾಯಬೇಕಿಲ್ಲವಲ್ಲ. ಆ ಮಾನಿಟರುಗಳು ಪಾಠ ಹೇಳುತ್ತಿದ್ದರು. ಈಗಿನ ಲೀಡರಿಗೆ ಉಳಿದಿರುವ ಅಧಿಕಾರ ಒಂದೇ: ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು.

ಅದೇನು ಸಣ್ಣ ಅಧಿಕಾರವಲ್ಲ. ಮೊದಲ ಹೆಸರು ಬಿದ್ದ ಕೂಡಲೇ ‘ನಾನು ಮಾತಾಡಿಲ್ಲ’ ಎಂದು ಅವನು ಮಾತಾಡುತ್ತಾನೆ, ಹೆಸರಿನ ಮುಂದೆ ಒಂದು ಇಂಟು ಮಾರ್ಕು ಬೀಳುತ್ತದೆ. ‘ಅವನು ರಬ್ಬರ್ ಕೇಳಿದ್ದು ಅಷ್ಟೇ’ ಎಂದು ಪರ ವಹಿಸಿದವಳದು ಎರಡನೆಯ ಹೆಸರು. ನಕ್ಕವನದು ಮೂರನೆಯದು. ನಗುವುದು ಮಾತಾಡಿದಂತೆ ಹೇಗಾಗುತ್ತದೆ ಎಂದು ತಾತ್ವಿಕ ಚರ್ಚೆ ಎತ್ತಿದ ಮುಂದಿನ ಬೆಂಚು ಇಡಿಯಾಗಿ ಪಟ್ಟಿ ಸೇರುತ್ತದೆ. ಸೀಮೆಸುಣ್ಣ ಚಿಕ್ಕದಾಗುತ್ತದೆ, ಅಕ್ಷರಗಳೂ. ಲೀಡರ್ ‘ಸೈಲೆನ್ಸ್!’ ಎಂದು ಕಿರುಚುತ್ತಾನೆ, ಡಸ್ಟರಿನಿಂದ ಮೇಜು ಕುಟ್ಟುತ್ತಾನೆ, ಜೀವದ ಗೆಳೆಯನ ಹೆಸರು ಬರೆಯುತ್ತಾನೆ, ಅವನ ಮುಖ ನೋಡಿ ಅಳಿಸುತ್ತಾನೆ, ಅಳಿಸಿದ್ದನ್ನು ಕಂಡು ಗಲಾಟೆಯೆದ್ದ ಮೇಲೆ ಮತ್ತೆ ಬರೆಯುತ್ತಾನೆ.

ಟೀಚರು ಬಾಗಿಲಿಗೆ ಬರುವ ಹೊತ್ತಿಗೆ ಹಾಜರಿ ಪುಸ್ತಕ ಇಡಿಯಾಗಿ ಬೋರ್ಡಿನ ಮೇಲಿರುತ್ತದೆ, ಒಂದೇ ಒಂದು ಹೆಸರು ಬಿಟ್ಟು. ಅದನ್ನು ಅವರ ಗಮನಕ್ಕೆ ತರಲು ಒಬ್ಬರೂ ಕೈ ಎತ್ತುವುದಿಲ್ಲ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಇಡೀ ತರಗತಿ ಒಂದೇ ಉಸಿರಿನಲ್ಲಿ: ‘ಮಿಸ್, ಇವ್ನೇ ಮಿಸ್ ಜಾಸ್ತಿ ಮಾತಾಡಿದ್ದು!’