ಇನ್ನೂರ ಎಂಬತ್ತನೇ ಪುಟದ ಪವಾಡ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಇನ್ನೊಬ್ಬ ವಿಧವೆಯ ಕೊಟ್ಟಿಗೆಗೆ ಬೆಂಕಿ ಬಿದ್ದಿದೆ. ಗಾಬರಿ ಬೇಡ, ಕಾದಂಬರಿಯಲ್ಲಿ. ಮಳೆಗಾಲದ ಹೊತ್ತಿಗೆ ಹೊಸ ಕೊಟ್ಟಿಗೆ ಏಳುತ್ತದೆ, ಪಕ್ಕದ ಹೊಲದ ಬಡಗಿಗೆ ಮದುವೆ ವಯಸ್ಸೂ ಆಗಿರುತ್ತದೆ. ಇನ್ನೂರ ಎಂಬತ್ತನೇ ಪುಟದಲ್ಲಿ ಮೂಗ ಮಗು ಮಾತಾಡುತ್ತದೆ. ಇ-ಪುಸ್ತಕ ಓದುವ ನನ್ನ ಕಿಂಡಲ್ ದಿನಾ ಇಂಥದ್ದೊಂದು ಅಮಿಶ್ ಕಥೆ ಶಿಫಾರಸು ಮಾಡುತ್ತಿದೆ. ಅಮಿಶರೆಂದರೆ ಹೊಸ ಕಾಲದ ಸೌಕರ್ಯ ದೂರ ಇಟ್ಟು ಹಳೇ ರೀತಿಯಲ್ಲೇ ಬದುಕುವ ಅಮೆರಿಕದ ಒಂದು ಕ್ರೈಸ್ತ ಪಂಗಡ. ಮನೆಗೆ ಕರೆಂಟೇ ಬೇಡ ಎಂದವರ ಬದುಕನ್ನು ಚಾರ್ಜರ್ ಸಿಕ್ಕಿಸಿಕೊಂಡು ಓದುವ ಪುಣ್ಯ ಯಾರಿಗುಂಟು ಯಾರಿಗಿಲ್ಲ!

ಮುಖಪುಟ ನೋಡಬೇಕು ನೀವು. ಬಿಳಿ ಟೊಪ್ಪಿಗೆ, ಗಾಳಿಗೆ ಹಾರುವ ಅದರ ದಾರ, ಹಿಂದೆ ಗೋಧಿ ಹೊಲ, ದೂರದಲ್ಲೊಂದು ಕುದುರೆಗಾಡಿ. ಹುಡುಗಿಯ ಹುಬ್ಬು ಪಾರ್ಲರಿನಲ್ಲಿ ತೀಡಿದ್ದು, ತುಟಿಗೆ ತೆಳು ಗುಲಾಬಿ. ಅಮಿಶರು ಫೋಟೋಗೆ ಪೋಸ್ ಕೊಡುವವರಲ್ಲ, ಹಾಗಾಗಿ ಬಾಡಿಗೆ ಮಾಡೆಲ್. ಬರೆಯುವವರೂ ಹೆಚ್ಚಿನವರು ಅಮಿಶರಲ್ಲ, ಓದುವವರಲ್ಲಿ ದೊಡ್ಡ ಪಾಲು ಬೇರೆ ಪಂಗಡದ, ಇವಾಂಜೆಲಿಕಲ್ ಕ್ರೈಸ್ತ ಹೆಂಗಸರು. ತೊಂಬತ್ತರ ದಶಕದ ಕೊನೆಗೆ ಒಂದು ಪುಸ್ತಕ ಗೆದ್ದದ್ದೇ ತಡ, ಪ್ರಕಾಶಕರು ಬಿತ್ತಿದರು, ಕೊಯ್ದರು. ಭಕ್ತಿ ಯಾರದೋ, ರಾಯಲ್ಟಿ ಯಾರದೋ.

ನಿಜವಾದ ಅಮಿಶ್ ಸುದ್ದಿ ಇದಕ್ಕಿಂತ ಎಷ್ಟೋ ಚೆಂದ. 2011ರಲ್ಲಿ ಕೆಂಟಕಿಯಲ್ಲಿ ಕಟ್ಟಾ ಸಂಪ್ರದಾಯದ ಒಂದು ಪಂಗಡದ ಗಂಡಸರು ಕುದುರೆಗಾಡಿಯ ಹಿಂದೆ, ನಿಧಾನದ ಗಾಡಿ ಎಂದು ಎಚ್ಚರಿಸಲು ಕಾನೂನು ಹಾಕಿಸುವ ಕಿತ್ತಳೆ ಬಣ್ಣದ ತ್ರಿಕೋನ ಹಾಕಲು ಒಪ್ಪಲಿಲ್ಲ. ಕಣ್ಣು ಕುಕ್ಕುವ ಬಣ್ಣ ಆಡಂಬರ, ನಮ್ಮನ್ನು ಕಾಯುವವನು ದೇವರು, ತ್ರಿಕೋನ ಅಲ್ಲ ಅಂತ. ದಂಡ ಹಾಕಿದರು, ಕಟ್ಟಲಿಲ್ಲ. ಜೈಲಿಗೆ ಹೋದರು. ಕೈದಿಗಳ ಬಟ್ಟೆಯೂ ಕಿತ್ತಳೆ! ಕೊನೆಗೆ ಜೈಲಿನವರೇ ಸೋತು ಗಾಢ ಬಣ್ಣದ ಬಟ್ಟೆ ಹುಡುಕಿ ಕೊಟ್ಟರು. ಮರುವರ್ಷ ಕಾನೂನೇ ಬದಲಾಯಿತು. ಹಟ, ಭಕ್ತಿ, ಸರ್ಕಾರ, ಹಾಸ್ಯ, ಏನಿಲ್ಲ ಇದರಲ್ಲಿ? ಬಡಗಿ ಇಲ್ಲ, ಅಷ್ಟೇ.

ಪವಾಡವೇ ಬೇಕೆಂದರೆ ನಿಜವಾದ ಲ್ಯಾಂಕಾಸ್ಟರ್ ಕೌಂಟಿಗೇ ಹೋಗಿ. ಹತ್ತಿರದ ಬಂಧುತ್ವದಿಂದ ಬರುವ ಆನುವಂಶಿಕ ರೋಗಗಳಿಗೆಂದೇ 1989ರಲ್ಲಿ ಶುರುವಾದ ಒಂದು ಕ್ಲಿನಿಕ್ ಅಲ್ಲಿದೆ. ಮೂತ್ರಕ್ಕೆ ಮೇಪಲ್ ಪಾನಕದ ವಾಸನೆ ಬರುವ ಕಾಯಿಲೆಯ ಕೂಸನ್ನು ಕೆಲವೇ ದಿನದೊಳಗೆ ಗುರುತಿಸಿ ಅಳತೆಯ ಆಹಾರಕ್ಕೆ ಹಾಕದಿದ್ದರೆ ಮಿದುಳು ಹೋಗುತ್ತದೆ. ಖರ್ಚಿಗೆ ಅಮಿಶರು ಕೌದಿ ಹರಾಜು ಹಾಕುತ್ತಾರೆ. ವಿಮೆ ಬೇಡ ಎನ್ನುವ ಜನ, ಊರೇ ಸೇರಿ ಬಿಲ್ಲು ಕಟ್ಟುತ್ತದೆ. ಕಾದಂಬರಿಯಲ್ಲಿ ಇದಕ್ಕೆ ಪ್ರಾರ್ಥನೆ ಸಾಕು, ಲ್ಯಾಬ್ ರಿಪೋರ್ಟು ಬೇಡ.

ಕ್ಷಮೆಯ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ. 2006ರ ಅಕ್ಟೋಬರ್ 2ರಂದು ಅದೇ ಕೌಂಟಿಯ ನಿಕಲ್ ಮೈನ್ಸ್ ಎಂಬ ಊರಿನ ಅಮಿಶ್ ಶಾಲೆಯಲ್ಲಿ ಐವರು ಹುಡುಗಿಯರನ್ನು ಕೊಂದವನ ಮನೆಗೆ ಅಮಿಶರು ಅವತ್ತೇ ಸಾಂತ್ವನ ಹೇಳಲು ಹೋದರು. ದೊಡ್ಡ ಮನಸ್ಸು, ಕೈ ಮುಗಿಯುತ್ತೇನೆ. ಆದರೆ ಅದೇ ಸಮುದಾಯದಲ್ಲಿ ಅಣ್ಣನಿಂದಲೋ ಅಪ್ಪನಿಂದಲೋ ಅತ್ಯಾಚಾರಕ್ಕೆ ಒಳಗಾದ ಹುಡುಗಿಯರೂ ದೊಡ್ಡವರಾದ ಮೇಲೆ ಬಾಯಿ ಬಿಟ್ಟಿದ್ದಾರೆ. ತಪ್ಪು ಮಾಡಿದವನು ಸಭೆಯಲ್ಲಿ ತಪ್ಪೊಪ್ಪಿಕೊಂಡ, ಕೆಲವು ವಾರ ಅವನನ್ನು ದೂರ ಇಟ್ಟರು, ಆಮೇಲೆ ಮುಗಿಯಿತು. ಅವಳು ಕ್ಷಮಿಸಲೇಬೇಕು, ಮತ್ತೆ ಆ ಮಾತೆತ್ತಿದರೆ ಅವಳದೇ ಪಾಪ. ಅದೇ ಮನೆ, ಅದೇ ಊಟದ ಮೇಜು. ಇದನ್ನೆಲ್ಲ ತೊಳೆದು, ಇಸ್ತ್ರಿ ಹಾಕಿ, ‘ಮನ ಕರಗಿಸುವ ಕಥೆ’ ಎಂದು ಮಾರುವವರಿಗೆ ನಾಚಿಕೆಯಾಗಬೇಕು. ಪೊಲೀಸರ ಹತ್ತಿರ ಹೋದ ಹುಡುಗಿಯ ಫೋಟೋಗೆ ಆ ಗೋಧಿ ಹೊಲ ಹಿನ್ನೆಲೆಯಾಗಿ ಹಾಕಿ, ಎಷ್ಟು ಪ್ರತಿ ಹೋಗುತ್ತದೋ ನೋಡೋಣ.