ಜೀನ್ ಕಿತ್ತ ಇಲಿ ಬೇಕೇ, ಬೇಡವೇ?

ಪರ

ಮುಂಬೈಯ ಪರೇಲಿನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸುತ್ತ ಒಂದು ಬೆಳಗ್ಗೆ ಅಡ್ಡಾಡಿ, ಕನ್ನಡ ಕಿವಿಗೆ ಬೀಳುತ್ತದೆ. ಫೈಲು ಹಿಡಿದು ಕೂತ ನಮ್ಮ ಕಡೆಯವರು ಕೇಳುವುದು ಒಂದೇ: "ಬೀಡಿ ಸಹ ಮುಟ್ಟಿಲ್ಲ, ನನಗ್ಯಾಕೆ ಬಂತು?" ಇದಕ್ಕೆ ಅಷ್ಟಿಷ್ಟು ಉತ್ತರ ಸಿಕ್ಕಿದ್ದರಲ್ಲಿ, ಪ್ರಯೋಗಕ್ಕಾಗಿ ಒಂದು ಜೀನ್ ಕೆಡಿಸಿ ಹುಟ್ಟಿಸಿದ ಇಲಿಯ ಪಾಲೂ ಇದೆ.

ನಮ್ಮ ಜೀವಕೋಶಗಳಲ್ಲಿ ಪಿ53 ಅನ್ನುವ ಜೀನ್ ಇದೆ. ಡಿಎನ್‌ಎ ಕೆಟ್ಟರೆ ಅದು ಬ್ರೇಕ್ ಹಾಕುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಎಷ್ಟೋ ಗಡ್ಡೆಗಳಲ್ಲಿ ಇದು ಕೆಟ್ಟಿರುವುದು ಗೊತ್ತಿತ್ತು. ಆದರೆ ಜೀನ್ ಕೆಟ್ಟು ಗಡ್ಡೆ ಬಂತೋ, ಗಡ್ಡೆ ಬಂದ ಮೇಲೆ ಜೀನ್ ಕೆಟ್ಟಿತೋ? 1992ರಲ್ಲಿ ಈ ಜೀನಿನ ಎರಡೂ ಪ್ರತಿ (ತಾಯಿಯಿಂದ ಒಂದು, ತಂದೆಯಿಂದ ಒಂದು) ಕೆಡಿಸಿದ ಇಲಿಗಳ ವರದಿ ಬಂತು. ಹೆಚ್ಚಿನ ಮರಿಗಳು ಚೆನ್ನಾಗೇ ಹುಟ್ಟಿದ್ದವು. ಆರು ತಿಂಗಳಾಗುವಷ್ಟರಲ್ಲಿ ಮುಕ್ಕಾಲು ಪಾಲಿಗೆ ಗಡ್ಡೆ! ತಟ್ಟೆಯಲ್ಲಿ ಬೆಳೆಸಿದ ಕೋಶ ಇದನ್ನು ಹೇಳಲಾರದು. ಅಲ್ಲಿ ರಕ್ತ ಹರಿಯುವುದಿಲ್ಲ, ಗಡ್ಡೆ ಒಂದು ಅಂಗದಿಂದ ಇನ್ನೊಂದಕ್ಕೆ ಹೋಗುವುದಿಲ್ಲ.

ವಿರೋಧ

ಗಣಪತಿಯ ವಾಹನ ಅಂತ ಕಣ್ಣೀರು ಹಾಕುವವಳಲ್ಲ ನಾನು. ಮಾಟುಂಗದ ನಮ್ಮ ಅಡುಗೆಮನೆಯಲ್ಲಿ ನಾನೂ ಬೋನು ಇಟ್ಟಿದ್ದೇನೆ. ನನ್ನ ತಕರಾರು ಬೇರೆ. ಇಲಿ ಮನುಷ್ಯನಲ್ಲ.

ಪಿ53ರ ಹಾಗೇ ಗಡ್ಡೆ ತಡೆಯುವ ಆರ್‌ಬಿ ಜೀನನ್ನೇ ನೋಡಿ. ಇದರ ಒಂದು ಪ್ರತಿ ಕೆಟ್ಟು ಹುಟ್ಟಿದ ಮಗುವಿಗೆ ಕಣ್ಣಿನ ಕ್ಯಾನ್ಸರ್ ಬರುವ ಸಾಧ್ಯತೆ ತುಂಬಾ ಜಾಸ್ತಿ. ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತದೆ. ಇಲಿಯಲ್ಲಿ ಅದೇ ಒಂದು ಪ್ರತಿ ಕೆಡಿಸಿದರೆ? ಕಣ್ಣು ಸರಿಯಾಗೇ ಇತ್ತು, ಗಡ್ಡೆ ಬಂದದ್ದು ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯಲ್ಲಿ. ಎರಡೂ ಕೆಡಿಸಿದರೆ ಮರಿ ಗರ್ಭದಲ್ಲೇ ಸತ್ತಿತು. ಇಲಿಯಲ್ಲಿ ಪಿ107 ಎಂಬ ನೆಂಟ ಜೀನ್ ಆ ಕೆಲಸ ವಹಿಸಿಕೊಳ್ಳುತ್ತದೆ, ಅದನ್ನೂ ತೆಗೆದಾಗ ಕಣ್ಣಿನ ಗಡ್ಡೆ ಬಂತು ಎಂದು ಆಮೇಲೆ ತಿಳಿಯಿತು. ಸರಿ, ಅದೂ ತಿಳಿವಳಿಕೆಯೇ, ಒಪ್ಪುತ್ತೇನೆ. ಆದರೆ ಎಷ್ಟು ಇಲಿ?

ಒಂದೊಂದು ಪ್ರತಿ ಕೆಟ್ಟ ಗಂಡು ಹೆಣ್ಣನ್ನು ಕೂಡಿಸಿದರೆ, ಲೆಕ್ಕದ ಪ್ರಕಾರ 4 ಮರಿಗಳಲ್ಲಿ 1 ಮಾತ್ರ ಬೇಕಾದ್ದು, ಅಂದರೆ ಎರಡೂ ಪ್ರತಿ ಕೆಟ್ಟದ್ದು. ಎರಡು ಜೀನ್ ಅಂದರೆ 16ರಲ್ಲಿ 1. ಹೋಲಿಕೆಗೆ ಒಂದಿಷ್ಟು ಇಟ್ಟುಕೊಳ್ಳುತ್ತಾರೆ. ಉಳಿದವನ್ನು ಸಾಮಾನ್ಯವಾಗಿ ಸಾಯಿಸುತ್ತಾರೆ.

ಈಗ ರೋಗಿಯ ಗಡ್ಡೆಯ ಚೂರಿನಿಂದಲೇ ಆರ್ಗನಾಯ್ಡ್, ಅಂದರೆ ಆ ಗಡ್ಡೆಯನ್ನೇ ಹೋಲುವ ಪುಟ್ಟ ಕೋಶಗುಚ್ಛ, ಪ್ರಯೋಗಶಾಲೆಯಲ್ಲಿ ಬೆಳೆಸಬಹುದು. 2023ರಲ್ಲಿ ನಮ್ಮ ಹೊಸ ಔಷಧ ನಿಯಮಗಳೂ ಪ್ರಾಣಿಯಿಲ್ಲದ ಪರೀಕ್ಷೆಗೆ ಜಾಗ ಕೊಟ್ಟವು. ಹಾಗಾದರೆ ಮೊದಲು ಆರ್ಗನಾಯ್ಡ್‌ನಲ್ಲಿ ನೋಡಿ, ಅಲ್ಲಿ ಆಗದ ಪ್ರಶ್ನೆಗಷ್ಟೇ ಇಲಿಯ ಪಂಜರ ತೆರೆಯಬಹುದಲ್ವಾ?